ಲಿಂಬಿ ಗಿಡಕ್ಕೆ ಎಣ್ಣಿ ಹೊಡೆಯುವಾಗ



ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮ ಕಡೆ 'ಎಣ್ಣಿ' ಅನ್ನುತ್ತೇವೆ. ಕೆಲವರು 'ಔಷಧ' ಅನ್ನುತ್ತಾರೆ. ಎರಡೂ ಮೋಸದ ಹೆಸರೇ. ಎಣ್ಣಿ ಒಗ್ಗರಣೆಗೆ ಹಾಕುವಂಥಾದ್ದು, ಔಷಧ ಗುಣಪಡಿಸುವಂಥಾದ್ದು. ಆ ಡಬ್ಬಿಯೊಳಗೆ ಇರುವುದು ಮಾತ್ರ ವಿಷ.

ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ತೊಗರಿಯೇ ದೊಡ್ಡ ಬೆಳೆ. ತೊಗರಿಯ ಕಾಯಿಕೊರಕಕ್ಕೆ ತಂದ ಎಣ್ಣಿ ಉಳಿದರೆ ಬಾವಿಯ ಹತ್ತಿರದ ಲಿಂಬಿ ಗಿಡಕ್ಕೂ ಹೊಡೆಯೋಣ ಅನ್ನಿಸುತ್ತದೆ. "ಹುಳ ಅಂದ್ರ ಹುಳನೇ ಅಲ್ಲೇನ್ರಿ?" ಎಂದು ಕೇಳಬಹುದು. ಅಲ್ಲ. ಲಿಂಬಿ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳ. ಬೆಳೆದ ಮೇಲೆ ಹಸಿರಾಗುತ್ತದೆ. ಗಿಡ ಸಣ್ಣದಿದ್ದರೆ ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕಿದರೆ ತೀರಿತು. ಎಳೆ ಎಲೆಯಲ್ಲಿ ಬೆಳ್ಳಿ ಗೆರೆಯ ರಂಗೋಲಿ ಕಂಡರೆ ಅದು ಸುರಂಗ ಹುಳ. ಚಿಗುರು ಎಳೆಯದಿರುವಾಗಲೇ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಎಲೆ ಬಲಿತ ಮೇಲೆ ಹೊಡೆದರೆ ದುಡ್ಡು ದಂಡ. ಇನ್ನು ಕಾಯಿಯ ಮೇಲಿನ ಒರಟು ಕಜ್ಜಿ ಹುಳವೇ ಅಲ್ಲ, ಬ್ಯಾಕ್ಟೀರಿಯಾ ರೋಗ. ಹುಳದ ಎಣ್ಣಿ ಕೊಡಗಟ್ಟಲೆ ಸುರಿದರೂ ಅದು ಹೋಗದು. ರೋಗದ ಟೊಂಗೆ ಕತ್ತರಿಸಿ ಸುಡಬೇಕು.

ಹೊಡೆಯಲೇಬೇಕಾಗಿ ಬಂದರೆ ಒಂದು ಮಾತು. ವಿಷ ಬಾಯಿಂದಲೇ ಹೊಟ್ಟೆಗೆ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ತೊಗರಿ ಎದೆಮಟ್ಟ, ಲಿಂಬಿ ಗಿಡ ತಲೆಯ ಮೇಲೆ. ಕೋಲು ಮೇಲೆತ್ತಿ ಹೊಡೆದರೆ ಹನಿಯೆಲ್ಲ ನಮ್ಮ ಮುಖಕ್ಕೇ ಬೀಳುತ್ತದೆ. ಮೇಲಾಗಿ ಲಿಂಬಿಗೆ ಮುಳ್ಳು. ತರಚಿದ ಕೈಯಿಂದ ವಿಷ ಇನ್ನೂ ಬೇಗ ಒಳಗೆ ಸೇರುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅಂಗಿ ಬಿಚ್ಚಿ ಹೊಡೆಯುವವರಿದ್ದಾರೆ. ಇದು ಬೇಡ್ರಿ. ತುಂಬು ತೋಳಿನ ಅಂಗಿ, ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ, ಮೂಗು-ಬಾಯಿಗೆ ಮರೆ ಇರಲಿ. ಬೆಳಗಿನ ತಂಪಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ.

ಬೇಸಿಗೆಯಲ್ಲಿ ಲಿಂಬಿಗೆ ದರ ಏರುತ್ತದೆ. ನಿನ್ನೆ ಹೊಡೆದು ಇವತ್ತು ಹರಿದು ಪೇಟೆಗೆ ಒಯ್ಯುವ ಆಸೆ ಆಗ ಬರುತ್ತದೆ. ಬಾಳೆಹಣ್ಣಾದರೆ ಸಿಪ್ಪೆ ಸುಲಿದು ತಿನ್ನುತ್ತೇವೆ. ಲಿಂಬಿ ಉಪ್ಪಿನಕಾಯಿಗೆ ಬೀಳುವುದು ಸಿಪ್ಪೆ ಸಮೇತ. ಉಪ್ಪು ಹಾಕಿದರೆ ವಿಷ ಹೋಗುವುದಿಲ್ಲ. ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂಬುದು ಡಬ್ಬಿಯ ಚೀಟಿಯಲ್ಲಿ ಇರುತ್ತದೆ. ಅಷ್ಟು ದಿನ ಕಾಯಿಗೆ ಕೈ ಹಚ್ಚಬಾರದು. ಚೀಟಿಯಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂಬ ಬಣ್ಣದ ಗುರುತುಗಳುಂಟು. ಕೆಂಪು ಎಲ್ಲಕ್ಕಿಂತ ಉಗ್ರ. ಹಸಿರೆಂದರೆ ಅಮೃತವೆಂದು ತಿಳಿಯಬೇಡಿ, ಅದೂ ವಿಷವೇ.

ಪೇಟೆಯಿಂದ ಬರುವಾಗ ಹಿಟ್ಟಿನ ಚೀಲದಲ್ಲಿ ಎಣ್ಣಿ ಡಬ್ಬಿ ಇಡುವ ರೂಢಿ ಇದ್ದರೆ ಇಂದೇ ಬಿಡಿ. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಗೋಧಿ ಹಿಟ್ಟಿಗೆ ತಗಲಿ, ಅದನ್ನು ಉಂಡ ನೂರಕ್ಕೂ ಹೆಚ್ಚು ಜನ ಸತ್ತರು. ೧೯೬೮ರ ಕೀಟನಾಶಕ ಕಾಯ್ದೆ ಬಂದದ್ದು ಆ ದುರಂತದ ನಂತರವೇ.

ಹೊಡೆದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಬಂದರೆ ಬಿಸಿಲು ಬಡಿದಿದೆ ಎಂದು ಮಲಗಿಸಬೇಡಿ. ಬಟ್ಟೆ ತೆಗೆದು ಸಾಬೂನು ಹಚ್ಚಿ ಮೈ ತೊಳೆಯಿರಿ. ಹಾಲು-ತುಪ್ಪ ಕುಡಿಸಿ ವಾಂತಿ ಮಾಡಿಸಬೇಡಿ. ದವಾಖಾನೆಗೆ ಒಯ್ಯುವಾಗ ಡಬ್ಬಿಯ ಚೀಟಿಯೂ ಜೊತೆಗಿರಲಿ; ಯಾವ ಸೂಜಿ ಹಾಕಬೇಕೆಂದು ಡಾಕ್ಟರಿಗೆ ಬೇಗ ತಿಳಿಯುತ್ತದೆ.

ತಾಯಂದಿರೇ, ಆ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆ ನೆನೆಹಾಕಬೇಡಿ, ಬೇರೆ ಒಗೆಯಿರಿ. ಖಾಲಿ ಡಬ್ಬಿ ಎಷ್ಟು ಚೆಂದವಿದ್ದರೂ ಚಿಮಣಿ ಎಣ್ಣಿಗಾಗಲಿ ಉಪ್ಪಿಗಾಗಲಿ ಇಟ್ಟುಕೊಳ್ಳದೆ, ತೂತು ಮಾಡಿಸಿ ಬಿಡಿ.