ಡಯಟ್ ಮಾಡಿದರೆ ಸ್ನಾಯುವೂ ಕರಗಲೇಬೇಕೆ?

ಪ್ರಶ್ನೆ: ಊಟ ಕಡಿಮೆ ಮಾಡಿದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದಂತೆ. ತಪ್ಪಿಸಲು ಆಗದೆ?

ಉತ್ತರ: ಬಹುಮಟ್ಟಿಗೆ ಆಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಯುವಕರು ನಾಲ್ಕು ವಾರ ಶೇ. 40ರಷ್ಟು ಕಡಿಮೆ ಕ್ಯಾಲೊರಿ ತಿಂದು, ಭಾರ ಎತ್ತುವುದೂ ಸೇರಿದಂತೆ ಕಠಿಣ ವ್ಯಾಯಾಮ ಮಾಡಿದರು. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 2.4 ಗ್ರಾಂ ಪ್ರೋಟೀನ್ ತಿಂದವರ ಕೊಬ್ಬುರಹಿತ ತೂಕ 1.2 ಕೆ.ಜಿ. ಏರಿತು, 1.2 ಗ್ರಾಂ ತಿಂದವರದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ನನಗೆ ಮುಖ್ಯವೆನಿಸುವುದು ಈ ಎರಡನೆಯ ಗುಂಪೇ. ಅಷ್ಟು ಕಟ್ಟುನಿಟ್ಟಿನ ಡಯಟ್‌ನಲ್ಲೂ, ಸಾಧಾರಣ ಪ್ರೋಟೀನಿನಲ್ಲೇ ಅವರ ಸ್ನಾಯು ಉಳಿಯಿತು.

ಹುಡುಗರ ಮಾತಾಯಿತು, ವಯಸ್ಸಾದವರು ವಾಕಿಂಗ್ ಮಾಡಿದರೆ ಸಾಲದೆ ಎನ್ನಬಹುದು. ಸಾಲದು. ಸ್ಥೂಲಕಾಯದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಡಿಗೆ, ಸೈಕ್ಲಿಂಗ್‌ನಂಥ ಏರೋಬಿಕ್ ವ್ಯಾಯಾಮವನ್ನಷ್ಟೇ ಮಾಡಿ ತೂಕ ಇಳಿಸಿದವರು ಕೊಬ್ಬುರಹಿತ ತೂಕದ ಶೇ. 5ರಷ್ಟನ್ನು ಕಳೆದುಕೊಂಡರೆ, ಭಾರ ಎತ್ತಿದವರು ಕಳೆದುಕೊಂಡದ್ದು ಶೇ. 2 ಮಾತ್ರ. ಇನ್ನು ಸಸ್ಯಾಹಾರಿಗಳ ತಕರಾರು: ನಮ್ಮ ತಟ್ಟೆಯಲ್ಲಿ ಪ್ರೋಟೀನ್ ಎಲ್ಲಿ? ಡಯಟ್ ಎಂದು ಅರ್ಧ ಮುದ್ದೆಗೆ ತಿಳಿಸಾರು ಸುರಿದುಕೊಂಡರೆ ಎಲ್ಲೂ ಇಲ್ಲ. ಮುದ್ದೆ ಅರ್ಧವೇ ಇರಲಿ, ಹುರುಳಿಯ ತಿಳಿಯನ್ನಷ್ಟೇ ಬಸಿದುಕೊಳ್ಳದೆ ಕಾಳನ್ನೂ ತಿನ್ನಿ. ಜೊತೆಗೆ ಗಟ್ಟಿ ಮೊಸರು, ಪನೀರ್ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.