ಅಟ್ಟದ ಮೇಲಿನ ವಿಡಿಯೋ ಗೇಮ್ ಪೆಟ್ಟಿಗೆ: ಗುಜರಿಗೆ ಹಾಕುವ ಮುನ್ನ



ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೂ ಒಂದು. ಕಾಸರಗೋಡಾಗಲಿ, ಹೊಸೂರಾಗಲಿ, ಸೊಲ್ಲಾಪುರವಾಗಲಿ, ಆದೋನಿಯಾಗಲಿ, ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಇದರ ಪರಿಚಯ ಬೇಕಿಲ್ಲ. ಟಿವಿಗೆ ಒಂದು ವೈರು, ಎರಡು ಜಾಯ್‌ಸ್ಟಿಕ್, ಒಂದು ಗನ್ನು, ಹಳದಿಯದೋ ಕೆಂಪಿನದೋ ಒಂದು ಕ್ಯಾಸೆಟ್. ಈಗ ಅದು ನಡೆಯುವುದಿಲ್ಲವೆಂದು ಗುಜರಿಯವನಿಗೆ ಕೊಟ್ಟುಬಿಡುವವರೇ ಹೆಚ್ಚು. ಆದರೆ ಇವುಗಳಲ್ಲಿ ಅನೇಕವು ನಿಜವಾಗಿ ಕೆಟ್ಟಿರುವುದಿಲ್ಲ, ಕೊಳೆಯಾಗಿರುತ್ತವೆ ಅಷ್ಟೆ. ಆದ್ದರಿಂದ ಇದರ ಒಳಗೇನಿದೆ, ಮತ್ತೆ ನಡೆಸುವುದು ಹೇಗೆ, ಗಡಿನಾಡಿನ ಕನ್ನಡಿಗರಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಪೆಟ್ಟಿಗೆಯ ಮೂಲ

ಆಟವನ್ನು ಯಂತ್ರದಿಂದ ಬೇರ್ಪಡಿಸಿ, ಬದಲಾಯಿಸಬಹುದಾದ ಕಾರ್ಟ್ರಿಜ್‌ನಲ್ಲಿ ಇಡುವ ಪದ್ಧತಿ ಮನೆಗಳಿಗೆ ಬಂದದ್ದು 1976ರಲ್ಲಿ, ಅಮೆರಿಕದ ಫೇರ್‌ಚೈಲ್ಡ್ ಚಾನಲ್ ಎಫ್ ಯಂತ್ರದ ಮೂಲಕ. ಆ ತಂಡವನ್ನು ಮುನ್ನಡೆಸಿದವರು ಜೆರ್ರಿ ಲಾಸನ್ ಎಂಬ ಕಪ್ಪುಜನಾಂಗದ ಎಂಜಿನಿಯರ್. ಮರುವರ್ಷ ಅಟಾರಿ 2600 ಬಂತು. ನಮ್ಮ ಕಡೆಯ ಪೆಟ್ಟಿಗೆಗಳ ಮೂಲಪುರುಷ ಮಾತ್ರ ಜಪಾನಿನದು. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಬಿಡುಗಡೆ ಮಾಡಿದ 'ಫ್ಯಾಮಿಕಾಮ್' ಅದು. 1985ರಲ್ಲಿ ಅಮೆರಿಕಕ್ಕೆ ಹೋದಾಗ ಅದರ ಹೊರರೂಪ ಬದಲಾಯಿತು, ಎನ್‌ಇಎಸ್ ಎಂಬ ಹೆಸರಾಯಿತು, ಕಾರ್ಟ್ರಿಜ್‌ನ ಪಿನ್‌ಗಳು 60ರಿಂದ 72ಕ್ಕೆ ಏರಿದವು. ನಕಲಿ ಕಾರ್ಟ್ರಿಜ್ ತಡೆಯಲು ಅಮೆರಿಕದ ಯಂತ್ರದಲ್ಲಿ ಬೀಗದಂಥ ಒಂದು ಚಿಪ್ ಇತ್ತು. ಜಪಾನಿನದರಲ್ಲಿ ಅದು ಇರಲಿಲ್ಲ. ಹಾಗಾಗಿ ಫ್ಯಾಮಿಕಾಮ್ ನಕಲು ಮಾಡುವುದು ಸುಲಭವಾಯಿತು. ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುತ್ತಿದ್ದ 'ಲಿಟ್ಲ್ ಮಾಸ್ಟರ್' ಮೊದಲಾದ ಪೆಟ್ಟಿಗೆಗಳು ಈ ವಂಶದವೇ. ಅವುಗಳಲ್ಲಿ ಬಹುಪಾಲು ಅನುಮತಿಯಿಲ್ಲದೆ ತಯಾರಾದವು ಎಂಬುದೂ ನಿಜ.

ಒಳಗೆ ಏನಿದೆ?

ಮೂಲ ಫ್ಯಾಮಿಕಾಮ್‌ನಲ್ಲಿ ಎರಡು ಮುಖ್ಯ ಚಿಪ್‌ಗಳು: ಲೆಕ್ಕ ಮಾಡುವುದೊಂದು, ಚಿತ್ರ ಬಿಡಿಸುವುದೊಂದು. ಲೆಕ್ಕದ ಚಿಪ್‌ನ ವೇಗ ಸುಮಾರು 1.79 ಮೆಗಾಹರ್ಟ್ಸ್. ಕೆಲಸಕ್ಕೆ ಇರುವ ನೆನಪು 2 ಕಿಲೋಬೈಟ್ ಮಾತ್ರ. ಇಂದಿನ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸದು. 1985ರಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಒಟ್ಟು ಗಾತ್ರ 40 ಕಿಲೋಬೈಟ್. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಾಯಿಸಿದ್ದಾರೆ. ಮುಂದಿನ ಸಲ ಆಡುವಾಗ ಗಮನಿಸಿ.

'ಕಾಂಟ್ರಾ' ಆಟದಲ್ಲಿ ಶತ್ರುಗಳು, ಗುಂಡುಗಳು ಹೆಚ್ಚಾದಾಗ ಚಿತ್ರ ಮಿಣುಕುತ್ತಿದ್ದುದು ನೆನಪಿದೆಯೇ? ಟಿವಿ ಕೆಟ್ಟಿದೆ ಎಂದು ತಲೆಯ ಮೇಲೆ ಎರಡು ಏಟು ಕೊಡುತ್ತಿದ್ದೆವು. ಟಿವಿಯ ತಪ್ಪೇನೂ ಇರಲಿಲ್ಲ. ಪರದೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ಚಿತ್ರದ ತುಂಡುಗಳು ಎಂಟಕ್ಕಿಂತ ಹೆಚ್ಚಾದರೆ ಆ ಚಿಪ್ ಉಳಿದವನ್ನು ಬಿಡಿಸುವುದಿಲ್ಲ. ಅದಕ್ಕಾಗಿ ಆಟ ಬರೆದವರು ಒಮ್ಮೆ ಇವನ್ನು, ಒಮ್ಮೆ ಅವನ್ನು ಸರದಿಯಂತೆ ತೋರಿಸುತ್ತಿದ್ದರು.

ನಕಲು ಕ್ಯಾಸೆಟ್ ಬಿಚ್ಚಿದರೆ ಹಸಿರು ಬೋರ್ಡಿನ ಮೇಲೆ ಕಪ್ಪು ಹುಂಡು ಕಾಣುತ್ತದೆ. ಖರ್ಚು ಉಳಿಸಲು ಚಿಪ್‌ಗೆ ಕವಚ ಹಾಕದೆ ನೇರವಾಗಿ ಬೋರ್ಡಿಗೆ ಜೋಡಿಸಿ, ಮೇಲೆ ಅಂಟು ಸುರಿದಿರುತ್ತಾರೆ. ಇದು ಕೆಟ್ಟರೆ ರಿಪೇರಿ ಇಲ್ಲ. ಇನ್ನು 'ಒಂದರಲ್ಲಿ 9999 ಆಟ' ಎಂಬ ಕ್ಯಾಸೆಟ್‌ನಲ್ಲಿ ಇರುತ್ತಿದ್ದುದು ಕೆಲವೇ ಆಟಗಳು. ಅದೇ ಆಟವನ್ನು ಬೇರೆ ಹಂತದಿಂದ ಆರಂಭಿಸಿ, ಬೇರೆ ಹೆಸರಿಟ್ಟು ಪಟ್ಟಿ ಬೆಳೆಸುತ್ತಿದ್ದರು.

ಮತ್ತೆ ನಡೆಸುವ ಕ್ರಮ

ಮೊದಲು ಅಡಾಪ್ಟರ್ ನೋಡಿ. ಹಳೆಯ ಪೆಟ್ಟಿಗೆ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಫ್ಯಾಮಿಕಾಮ್ ಮತ್ತು ಅದರ ಅನೇಕ ನಕಲುಗಳಲ್ಲಿ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಇಂದು ಮನೆಯಲ್ಲಿರುವ ರೂಟರ್ ಮುಂತಾದವುಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಪಿನ್ ಸರಿಯಾಗಿ ಕೂತಿತು ಎಂದು ಸಿಕ್ಕಿದ್ದನ್ನು ಚುಚ್ಚಬೇಡಿ. ಪೆಟ್ಟಿಗೆಯ ತಳದಲ್ಲಿ ಮತ್ತು ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜನ್ನು, ವೃತ್ತದ ಪಕ್ಕದಲ್ಲಿರುವ ಕೂಡು ಕಳೆ ಚಿಹ್ನೆಯನ್ನು ಹೋಲಿಸಿ ನೋಡಿ. ಸಂದೇಹವಿದ್ದರೆ ಊರಿನ ರೇಡಿಯೊ ರಿಪೇರಿಯವರಿಂದ ಮೀಟರ್ ಇಟ್ಟು ನೋಡಿಸಿ.

ಎರಡನೆಯದು ಕ್ಯಾಸೆಟ್. ಚಿತ್ರ ಬಾರದಿದ್ದರೆ ಬಾಯಿಂದ ಊದುವುದು ನಮ್ಮೆಲ್ಲರ ಬಾಲ್ಯದ ವಿದ್ಯೆ. ಊದಿದ ಮೇಲೆ ನಡೆಯುತ್ತಿದ್ದುದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಉಜ್ಜಿಕೊಂಡು ಸರಿಯಾಗಿ ತಾಗುತ್ತಿದ್ದುದಕ್ಕೆ. ಉಸಿರಿನ ತೇವದಿಂದ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಕಾಸರಗೋಡು, ವಯನಾಡಿನಂತಹ ಮಳೆ ಸೀಮೆಯಲ್ಲಂತೂ ಇದು ಬೇಗ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ ಕ್ಯಾಸೆಟ್‌ನ ಅಂಚಿನ ಪಟ್ಟಿಗಳನ್ನು ಒರೆಸಿ. ಕಡ್ಡಿ ಕಪ್ಪಾಗುವುದು ನಿಂತ ಮೇಲೆ ಪೂರ್ತಿ ಒಣಗಲು ಬಿಟ್ಟು ಹಾಕಿ ನೋಡಿ. ಮರಳು ಕಾಗದ ಬೇಡ, ಪಟ್ಟಿಯ ಲೇಪವೇ ಕಿತ್ತು ಬರುತ್ತದೆ.

ಮೂರನೆಯದು ಟಿವಿ. ಪೆಟ್ಟಿಗೆಯಲ್ಲಿ ಹಳದಿ ಎವಿ ತೂತು ಇದ್ದರೆ ಅದನ್ನೇ ಬಳಸಿ. ಹೊಸ ಟಿವಿಯಲ್ಲಿ ಆ ತೂತು ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಡಬ್ಬಿ ಸಿಗುತ್ತದೆ. ಗನ್ನು ಮಾತ್ರ ಹೊಸ ಟಿವಿಯಲ್ಲಿ ಕೆಲಸ ಮಾಡದು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಗುರಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹುಡುಕುತ್ತದೆ. ಹಳೆಯ ಡಬ್ಬಾ ಟಿವಿಯಲ್ಲಿ ಬೆಳಕು ಆ ಕ್ಷಣವೇ ಬರುತ್ತಿತ್ತು, ಎಲ್‌ಸಿಡಿಯಲ್ಲಿ ತಡವಾಗುತ್ತದೆ. ಹಾಗಾಗಿ ಡಬ್ಬಾ ಟಿವಿ ಉಳಿದಿದ್ದರೆ ಜೋಪಾನವಾಗಿಡಿ. ಆದರೆ ಅದನ್ನು ಬಿಚ್ಚುವ ಸಾಹಸ ಬೇಡವೇ ಬೇಡ. ಸ್ವಿಚ್ ತೆಗೆದ ಮೇಲೂ ಒಳಗೆ ಪ್ರಾಣಾಪಾಯದ ವಿದ್ಯುತ್ ಉಳಿದಿರಬಹುದು.

ಬ್ಯಾಟರಿ ಇರುವ ಕ್ಯಾಸೆಟ್‌ಗಳೂ ಉಂಟು. ಅಮೆರಿಕದಲ್ಲಿ 1987ರಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ' ಕಾರ್ಟ್ರಿಜ್‌ನಲ್ಲಿ ಆಟದ ಪ್ರಗತಿ ಉಳಿಸಲು ಗುಂಡಿಯಾಕಾರದ ಬ್ಯಾಟರಿ ಇತ್ತು. ಇಂಥವು ತೀರಿದರೆ ಆಟ ನಡೆಯುತ್ತದೆ, ಉಳಿಸಿದ್ದು ಮಾತ್ರ ಹೋಗುತ್ತದೆ. ಸೋರಿದರೆ ಬೋರ್ಡೇ ತಿಂದುಹೋಗುತ್ತದೆ. ಸಂಗ್ರಹಕ್ಕೆ ಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಈ ಪರದೆಯ ಮೇಲೆ ಕನ್ನಡ

ಇಷ್ಟು ವರ್ಷ ಈ ಪೆಟ್ಟಿಗೆಯಲ್ಲಿ ನಮ್ಮ ಮಕ್ಕಳು ಓದಿದ್ದು ಇಂಗ್ಲಿಷ್, ಕೆಲವೊಮ್ಮೆ ಅರ್ಥವಾಗದ ಜಪಾನಿ. ಕನ್ನಡ ಏಕೆ ಕಷ್ಟ ಎಂಬುದಕ್ಕೆ ಯಂತ್ರದೊಳಗೇ ಕಾರಣವಿದೆ. ಪರದೆಯ ಹಿನ್ನೆಲೆ ಚಿತ್ರವೆಲ್ಲ ಉದ್ದ 8, ಅಗಲ 8 ಚುಕ್ಕಿಗಳ ಚೌಕಗಳಿಂದ ಆದದ್ದು. ಒಮ್ಮೆಗೆ ಸಿಗುವ ಬೇರೆ ಬೇರೆ ಚೌಕಗಳು 256. ಇಂಗ್ಲಿಷ್ ಅಕ್ಷರ ಒಂದು ಚೌಕದಲ್ಲಿ ಕೂರುತ್ತದೆ. ಜಪಾನಿಯರು ಅನೇಕ ಆಟಗಳಲ್ಲಿ ಅಕ್ಷರದ ಮೇಲಿನ ಪುಟ್ಟ ಗುರುತನ್ನು ಮೇಲಿನ ಚೌಕಕ್ಕೆ ಕಳಿಸಿ ಹೊಂದಿಸಿಕೊಂಡರು. ಕನ್ನಡಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವೂ ಬೇಕು. ಕಾಗುಣಿತ ಸೇರಿದರೆ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ.

ಆದರೆ ಎಲ್ಲ ಅಕ್ಷರಗಳೂ ಒಂದೇ ಸಲ ಬೇಕಿಲ್ಲ. 'ಆಟ ಶುರು', 'ಆಟ ಮುಗಿಯಿತು' ಎಂಬ ಎರಡು ಮಾತುಗಳನ್ನು ತೆಗೆದುಕೊಳ್ಳಿ. ಇವಕ್ಕೆ ಬೇಕಾದ ರೂಪಗಳು ಎಂಟು: ಆ, ಟ, ಶು, ರು, ಮು, ಗಿ, ಯಿ, ತು. ಸಾಮಾನ್ಯ ಅಕ್ಷರಕ್ಕೆ ನಾಲ್ಕು ಚೌಕ, ಅಗಲವಾದ ಶು, ಮು, ಯಿ ಮೂರಕ್ಕೆ ಆರಾರು ಚೌಕ ಕೊಟ್ಟರೆ ಒಟ್ಟು 38 ಚೌಕ. ಒಂದು ಚೌಕಕ್ಕೆ 16 ಬೈಟ್, ಅಂದರೆ 608 ಬೈಟ್. 256 ಚೌಕಗಳಲ್ಲಿ 218 ಇನ್ನೂ ಮಿಕ್ಕವು. ಈ ಯಂತ್ರಕ್ಕೆ ಹೊಸ ಆಟ ಬರೆಯುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ, ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಾಗಾಗಿ ಇದು ಆಗುವ ಕೆಲಸ.

ನಮ್ಮ ಗಡಿ ಊರುಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಬೇರೆ ಲಿಪಿ ಕಲಿಯುತ್ತಾರೆ. ಕನ್ನಡ ಓದಲು ಕಾರಣವೇ ಸಿಗದಿದ್ದರೆ ಅಕ್ಷರ ಕೈಬಿಟ್ಟುಹೋಗುತ್ತದೆ. ಚೌಕಳಿ ಪುಸ್ತಕದಲ್ಲಿ 16ಕ್ಕೆ 16 ಮನೆ ಗುರುತಿಸಿ, ಚುಕ್ಕಿ ರಂಗೋಲಿಯಂತೆ ಮನೆ ತುಂಬಿಸಿ 'ಗಿ' ಬರೆಯಲು ಕೂತ ಹುಡುಗಿಗೆ ಗುಡಿಸು ಎಲ್ಲಿಂದ ಏಳುತ್ತದೆ, ಎಲ್ಲಿ ತಿರುಗುತ್ತದೆ ಎಂದು ಕಣ್ಣಿಟ್ಟು ನೋಡಲೇಬೇಕು. ಹತ್ತು ಸಲ ತಿದ್ದಿ ಬರೆಸಿದರೂ ಬಾರದ ಗಮನ ಇಲ್ಲಿ ತಾನಾಗಿ ಬರುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ಪೆನ್ಸಿಲ್ ಸಾಕು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಪೆಟ್ಟಿಗೆ ಸಿಕ್ಕರೆ ಎಸೆಯಬೇಡಿ. ಅಡಾಪ್ಟರ್ ಮತ್ತು ಪೆಟ್ಟಿಗೆಯನ್ನು ಒಟ್ಟಿಗೇ ಇಡಿ, ಕ್ಯಾಸೆಟ್‌ಗಳನ್ನು ಒಣ ಜಾಗದಲ್ಲಿ ಡಬ್ಬಿಯಲ್ಲಿ ಹಾಕಿ, ಯಾವ ಊರಲ್ಲಿ ಯಾವ ವರ್ಷ ಕೊಂಡದ್ದು ಎಂದು ಚೀಟಿಯಲ್ಲಿ ಬರೆದಿಡಿ. ನಿಮ್ಮಲ್ಲಿ ಬೇಡವಾದದ್ದು ಪಕ್ಕದ ಊರಿನ ಸದಸ್ಯರಿಗೆ ಬೇಕಾಗಿರಬಹುದು, ಸಂಘದ ಮುಂದಿನ ಸಭೆಗೆ ತನ್ನಿ. ಮಕ್ಕಳು ಚೌಕಳಿ ಪುಸ್ತಕದಲ್ಲಿ ಬರೆದ ಅಕ್ಷರಗಳನ್ನೂ ಜೊತೆಗೆ ತನ್ನಿ.