ಹಸಿರು ಚುಕ್ಕೆ ಇದ್ದರೆ ಸಾಲದು

ಟೂತ್‌ಪೇಸ್ಟ್, ಸೋಪು ಕೊಳ್ಳುವಾಗ ಜೈನ ಮನೆಗಳಲ್ಲಿ ಮೊದಲು ನೋಡುವುದು ಹಸಿರು ಚುಕ್ಕೆ. ಅದು ಸಸ್ಯಾಹಾರಿ ಎಂದಷ್ಟೇ ಹೇಳುತ್ತದೆ; ಗ್ಲುಟೆನ್ ಇಲ್ಲವೆಂದು ಹೇಳುವುದಿಲ್ಲ. ಗೋಧಿ, ಬಾರ್ಲಿಯೂ ಸಸ್ಯವೇ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ಗಮನಿಸಬೇಕು.

ಆ ಕಾಯಿಲೆಯಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿಗೆ ಹಾನಿ. ಚರ್ಮದ ಮೂಲಕ ಅದು ಕರುಳು ಸೇರುವುದಿಲ್ಲ. ಆದ್ದರಿಂದ ಸೋಪು, ಶಾಂಪೂವಿಗಿಂತ ಮೊದಲು ಟೂತ್‌ಪೇಸ್ಟ್, ಮೌತ್‌ವಾಶ್, ಲಿಪ್‌ಸ್ಟಿಕ್, ಲಿಪ್ ಬಾಮ್ ನೋಡಬೇಕು. ಬೆರಳು ಚೀಪುವ ಮಗುವಿದ್ದರೆ ಕೈಗೆ ಹಚ್ಚುವ ಕ್ರೀಮನ್ನೂ ನೋಡಬೇಕು.

ಪದಾರ್ಥಗಳ ಪಟ್ಟಿಯಲ್ಲಿ ‘ಟ್ರಿಟಿಕಮ್’ ಎಂದರೆ ಗೋಧಿ, ‘ಹಾರ್ಡಿಯಮ್’ ಎಂದರೆ ಬಾರ್ಲಿ. ಸಂದೇಹವಿದ್ದರೆ ಹೊಸಪೇಟೆಯಾಗಲಿ, ಸಂಡೂರು, ಕಂಪ್ಲಿಯಾಗಲಿ, ಅಂಗಡಿಯವರನ್ನು ಕೇಳುವುದಕ್ಕಿಂತ ಪೊಟ್ಟಣದ ಮೇಲಿರುವ ಕಂಪನಿಯ ನಂಬರಿಗೆ ಫೋನ್ ಮಾಡುವುದು ಮೇಲು.

ಹಂಪಿಯ ಗಾಣಗಿತ್ತಿ ಬಸದಿಯ ದರ್ಶನಕ್ಕೆ ಬರುವ ಇಂಥವರು ತಮ್ಮ ಪೇಸ್ಟನ್ನು ಮನೆಯಿಂದಲೇ ತರುವುದು ಒಳ್ಳೆಯದು.